ಕೊನೇ ಸೀನು

ಆ ದಿನದ ಅನಾಹುತಕ್ಕೆಲ್ಲ ಕಾರಣ ಒಂದೇ ಒಂದು ಅಕ್ಷರ: ‘ಆ’.

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರ ಬಳಿ ಇರುವುದು ಅದೊಂದೇ ಅಕ್ಷರ. ನೋವಾಗ್ತಿದೆಯಾ ಎಂದರೂ ಆ, ಇಲ್ವಾ ಎಂದರೂ ಆ, ನಿಮ್ಮ ಅತ್ತೆ ಹೇಗಿದ್ದಾರೆ ಎಂದರೂ ಆ. ಇಷ್ಟು ವರ್ಷ ಕಂಡವರ ಬಾಯಿಗೆ ಕೈ ಹಾಕಿಯೇ ಸಂಸಾರ ತೂಗಿಸಿದ ನಮ್ಮ ಡಾಕ್ಟರಿಗೆ ಇದು ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಆದರೆ ಅವತ್ತು ಅವರ ತಲೆ ತಲೆಯ ಜಾಗದಲ್ಲಿ ಇರಲಿಲ್ಲ.

ಅದಕ್ಕೆ ಒಂದು ಕಾರಣ ಹೆಡ್‌ಮಿಸ್. ಹತ್ತಿರದ ದೊಡ್ಡ ಶಾಲೆಯ ಅಷ್ಟೂ ಮಕ್ಕಳ ಹಲ್ಲುಗಳನ್ನು ಯಾರಿಗೆ ಒಪ್ಪಿಸುವುದೆಂದು ನೋಡಲು ಆಕೆ ಅವತ್ತು ಕ್ಲಿನಿಕ್ಕಿಗೆ ಬರುವವರಿದ್ದರು. ರಸ್ತೆಯ ಈಚೆಗೆ ಇವರು, ಆಚೆಗೆ ಇನ್ನೊಬ್ಬ ಹಲ್ಲಿನ ಡಾಕ್ಟರು. ಆಚೆಯವರ ಹತ್ತಿರ ಗಾಜಿನ ಮೀನಿನ ತೊಟ್ಟಿ ಇತ್ತು. ಆ ಮೀನುಗಳು ಬಂದಾಗಿನಿಂದ ಇವರ ಅರ್ಧಕ್ಕರ್ಧ ರೋಗಿಗಳು ರಸ್ತೆ ದಾಟಿಬಿಟ್ಟಿದ್ದರು. ಈ ಶಾಲೆಯೂ ಕೈತಪ್ಪಿದರೆ ಕ್ಲಿನಿಕ್ಕಿಗೆ ಬೀಗ ಜಡಿಯುವುದೊಂದೇ ಬಾಕಿ. ಹೆಡ್‌ಮಿಸ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು: “ನೋಡಿ ಡಾಕ್ಟ್ರೇ, ನಿಮ್ಮ ಡಿಗ್ರಿ ಗಿಗ್ರಿ ನಂಗೆ ಬೇಡ. ಯಾರ ಕ್ಲಿನಿಕ್‌ನಲ್ಲಿ ಯಾರೂ ಅಳಲ್ವೋ, ಅವ್ರಿಗೇ ನಮ್ಮ ಮಕ್ಕಳು.”

ಇನ್ನೊಂದು ಕಾರಣ ಹಿಂದಿನ ಸಂಜೆಯ ದುಃಖ. ಹೆಂಡತಿ, ಮಗಳ ಕಾಟ ತಾಳಲಾರದೆ ಡಾಕ್ಟರು ಆಮೆ ಸಿನಿಮಾಕ್ಕೆ ಹೋಗಿದ್ದರು. “ಕಾರ್ಟೂನ್ ಅಂದ್ರೆ ಮಕ್ಕಳಾಟ ಕಣೇ, ನಾನು ಒಂದು ನಿದ್ದೆ ತೆಗೀತೀನಿ” ಎಂದು ಕೊಚ್ಚಿಕೊಂಡೇ ಕೂತಿದ್ದರು. ಸಿನಿಮಾದಲ್ಲಿ ಒಂದು ಮುದಿ ಆಮೆ. ದಾರಿ ತಪ್ಪಿದ ಕಡಲಹಕ್ಕಿಯ ಮರಿಯೊಂದನ್ನು ಬೆನ್ನ ಮೇಲೆ ಕೂರಿಸಿಕೊಂಡು ಕಡಲಿಗೆ ಹೊರಡುತ್ತದೆ. ಆಮೆಗೆ ಪುಕ್ಕ ಆಗಿಬರುವುದಿಲ್ಲ, ಮೂಗಿಗೆ ತಾಗಿದರೆ ಸಾಕು, ಸೀನು. ದಾರಿಯುದ್ದಕ್ಕೂ ಸೀನುತ್ತ, ಬೈಯುತ್ತ, ಅಪಾಯ ಬಂದಾಗಲೆಲ್ಲ ಓಡುವುದು ಬಿಟ್ಟು ಹಾಡು ಹೇಳುತ್ತ, ಹೇಗೋ ಮರಳ ದಂಡೆ ಸೇರುತ್ತದೆ. ಸೇರಿ ಕಣ್ಣು ಮುಚ್ಚುತ್ತದೆ. “ಅಜ್ಜಾ, ಬಂದ್ವಾ?” ಎಂದು ಮರಿ ಕೇಳುತ್ತದೆ. ಆಮೆ ಅಲುಗಾಡುವುದಿಲ್ಲ.

ಅಷ್ಟು ಹೊತ್ತಿಗೆ ಡಾಕ್ಟರ ಗಂಟಲಿನಿಂದ ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದೊಂದು ಹೊರಟಿತು. ಮುಂದಿನ ಸಾಲಿನಲ್ಲಿ ಕೂತಿದ್ದವರು ತಮ್ಮದೇ ರೋಗಿಗಳು! “ಫೋನು ಬಂತು” ಎಂದು ಎದ್ದು ಹೊರಗೋಡಿ ಮುಖ ತೊಳೆದುಕೊಂಡರು. ಹೆಂಡತಿ, ಮಗಳು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಾಗ, “ನಾನೂ ಹಿಂದೆ ಬಾಗಿಲ ಹತ್ರ ನಿಂತ್ಕೊಂಡು ನೋಡ್ದೆ ಬಿಡು, ಪರವಾಗಿಲ್ಲ” ಎಂದು ಗತ್ತಿನಲ್ಲಿ ಹೇಳಿದರು. ಮನೆಗೆ ಬಂದ ಮೇಲೆ ಆಮೆಯನ್ನು ನೆನೆದು ದಿಂಬು ಒದ್ದೆ ಮಾಡಿದ್ದು ದಿಂಬಿಗೆ ಮಾತ್ರ ಗೊತ್ತು. ಪಾಪ, ಹೇಳಿಕೊಳ್ಳಲು ಒಂದು ಜೀವ ಬೇಕಿತ್ತು ಅವರಿಗೆ.

ಬೆಳಗ್ಗೆ ಸಿಕ್ಕಿದ ಜೀವ ಎರಡು ಜಡೆಯ ಒಬ್ಬ ಪುಟ್ಟ ಹುಡುಗಿ. ಅಲ್ಲಾಡುತ್ತಿದ್ದ ಹಾಲುಹಲ್ಲು ಕೀಳಿಸಲು ತಾತನ ಜೊತೆ ಬಂದಿದ್ದಳು. ತಾತ ಹೊರಗೆ ಕೂತರು, ಹುಡುಗಿ ಒಳಗೆ ಕುರ್ಚಿಯ ಮೇಲೆ ಮಲಗಿದಳು. ಡಾಕ್ಟರು ಅವಳ ಬಾಯಿಗೆ ಬೆರಳು ಹಾಕಿ, ಗಮನ ಬೇರೆ ಕಡೆ ಹೋಗಲೆಂದು ಕೇಳಿದರು:

“ಪುಟ್ಟೀ, ಆಮೆ ಸಿನಿಮಾ ನೋಡಿದ್ಯಾ?”

“ಆ,” ಅಂದಳು ಹುಡುಗಿ. ನೋಡಿಲ್ಲ ಎಂದು ಅರ್ಥ.

“ನೋಡಿದ್ಯಾ! ಹಾಗಾದ್ರೆ ಹೇಳು, ಕೊನೇಲಿ ಆ ಆಮೆ ಸತ್ತೋದಾಗ ನಿಂಗೂ ಅಳು ಬಂದ್ಬಿಡ್ತಾ?”

ಹುಡುಗಿಯ ಕಣ್ಣು ಬಟ್ಟಲಾಯಿತು. ಆಮೇಲೆ ಬಾಯಿ ಮುಚ್ಚಿತು. ಡಾಕ್ಟರ ಬೆರಳು ಒಳಗೇ ಇತ್ತು.

“ಅಯ್ಯಯ್ಯಪ್ಪಾ!”

ಈ ಕೂಗಿಗೆ ನರ್ಸಮ್ಮ ಕೈಯಲ್ಲಿದ್ದ ಹತ್ತಿಯ ಉಂಡೆಯ ಸಮೇತ ಓಡಿ ಬಂದಳು. ಬೆರಳು ಹೊರಬಂದದ್ದೇ ತಡ, ಹುಡುಗಿಯ ಬಾಯಿಂದ ಹೊಸ ಅಕ್ಷರಗಳು ಹೊರಟವು. “ತಾತಾ! ಆಮೆ ಸತ್ತೋಗತ್ತಂತೆ! ನಾವು ನಾಳೆ ಹೋಗ್ಬೇಕಿತ್ತು! ಈ ಡಾಕ್ಟ್ರು ಹೇಳ್ಬಿಟ್ರು!” ಎಂದು ಅಳುತ್ತ ಹೊರಗೋಡಿದಳು.

ಹೊರಗೆ ಬೆಂಚಿನ ಮೇಲೆ ಇಬ್ಬರು ಅವಳಿ ಹುಡುಗರು ತಮ್ಮ ಅಮ್ಮನ ಜೊತೆ ಕೂತಿದ್ದರು. ಅವರೂ ಸಿನಿಮಾ ನೋಡಿರಲಿಲ್ಲ. ಒಬ್ಬ ಶುರು ಮಾಡಿದ, ಇನ್ನೊಬ್ಬ ಹಿಮ್ಮೇಳ ಹಿಡಿದ. ಹಲ್ಲು ಕೀಳುವಾಗಲೂ ಈ ಕ್ಲಿನಿಕ್ಕಿನಲ್ಲಿ ಇಂಥ ಅಳು ಎದ್ದಿರಲಿಲ್ಲ.

“ಅಲ್ರೀ ಡಾಕ್ಟ್ರೇ,” ತಾತ ಎದ್ದು ನಿಂತರು. “ನಿಮಗೇನು ಮನುಷ್ಯತ್ವ ಇದೆಯೋ ಇಲ್ವೋ? ಹಲ್ಲು ಕೀಳಿ ಅಂದ್ರೆ ಆಮೆ ಜೀವ ತೆಗೆದ್ರಲ್ಲ!”

“ನಾನೆಲ್ಲಿ ತೆಗ್ದೆ ಯಜಮಾನ್ರೇ, ಸಿನಿಮಾದವ್ರು ತೆಗೆದದ್ದು.”

“ಹೂಂ, ಅವ್ರಿಗೂ ಬುದ್ಧಿ ಇಲ್ಲ. ಆಮೆ ಮಾತಾಡೋದಂತೆ, ಸೀನೋದಂತೆ. ನಮ್ಮ ಕಾಲದಲ್ಲಿ ಪ್ರಾಣಿಗಳು ಸುಮ್ನಿರ್ತಿದ್ವು.”

“ನೀವು ಸುಮ್ನಿರಿ ತಾತಾ,” ಎಂದರು ಅವಳಿಗಳ ಅಮ್ಮ. “ಈ ಸಿನಿಮಾಗಳು ಮಕ್ಕಳಿಗಂತ ಮಾಡಿದ್ದೇ ಅಲ್ಲ. ದೊಡ್ಡವ್ರು ಕತ್ತಲಲ್ಲಿ ಕೂತು ಅಳೋಕೆ ಮಾಡಿದ್ದು, ಮಕ್ಕಳು ಒಂದು ನೆಪ. ಲೆಕ್ಕ ಹಾಕಿ ನೋಡಿ ಬೇಕಾದ್ರೆ, ಶುರುವಿನಲ್ಲೇ ಅಮ್ಮನ್ನ ಸಾಯಿಸ್ತಾರೆ, ಕೊನೇಲಿ ಅಜ್ಜನ್ನ ಸಾಯಿಸ್ತಾರೆ.”

“ಅಜ್ಜನ್ನ ಯಾಕಮ್ಮ ಸಾಯಿಸ್ಬೇಕು?” ತಾತನಿಗೆ ಇದು ಸೀದಾ ಎದೆಗೆ ತಾಗಿತು. “ನಾವೇನು ಮಾಡಿದೀವಿ ಅವ್ರಿಗೆ?”

“ನಂಗೆ ಸಾಯೋದಾದ್ರೂ ಪರವಾಗಿಲ್ಲ, ಹಾಡು ಬೇಡ,” ನರ್ಸಮ್ಮ ಡಾಕ್ಟರ ಬೆರಳಿಗೆ ಪಟ್ಟಿ ಸುತ್ತುತ್ತಲೇ ತನ್ನ ಅಭಿಪ್ರಾಯ ಸೇರಿಸಿದಳು. “ಯಾವ ಕಾರ್ಟೂನ್ ನೋಡಿದ್ರೂ ಅಷ್ಟೇ, ಹಿಂದೆ ನರಿ ಅಟ್ಟಿಸ್ಕೊಂಡು ಬರ್ತಿದ್ರೆ ಯಾರಾದ್ರೂ ನಿಂತ್ಕೊಂಡು ಹಾಡ್ತಾರಾ ಸರ್? ನರಿನೂ ಪಾಪ ಹಾಡು ಮುಗಿಯೋ ತನಕ ಕಾಯತ್ತೆ. ಅಷ್ಟು ಒಳ್ಳೇ ನರಿನ ಕೆಟ್ಟದ್ದು ಅಂತ ತೋರಿಸ್ತಾರೆ.”

ಡಾಕ್ಟರಿಗೆ ಯಾವ ಅಭಿಪ್ರಾಯವೂ ಕಿವಿಗೆ ಬೀಳುತ್ತಿರಲಿಲ್ಲ. ಅವರ ಕಣ್ಣು ಬಾಗಿಲ ಗಾಜಿನ ಮೇಲಿತ್ತು. ಗಾಜಿನಾಚೆ ದೊಡ್ಡ ಕೈಚೀಲ, ದಪ್ಪ ಕನ್ನಡಕ, ಬಿಗಿದ ತುಟಿ ಕಾಣಿಸಿದವು. ಹೆಡ್‌ಮಿಸ್ ಮೆಟ್ಟಿಲು ಹತ್ತುತ್ತಿದ್ದರು. ಒಳಗೆ ಮೂರು ಮಕ್ಕಳು ಮೂರು ಶ್ರುತಿಯಲ್ಲಿ ಅಳುತ್ತಿದ್ದವು.

ಕೆಲವು ಸಲ ಮನುಷ್ಯನಿಗೆ ಯೋಚಿಸಲು ಸಮಯ ಸಿಗದಿರುವುದೇ ಒಳ್ಳೆಯದು. ಡಾಕ್ಟರು ನೆಲಕ್ಕೆ ಬಿದ್ದರು. ಎಡವಿ ಅಲ್ಲ, ಬೇಕೆಂದೇ. ಬಿಳಿ ಕೋಟಿನ ಸಮೇತ ನಾಲ್ಕು ಕಾಲಿನ ಮೇಲೆ ನಿಂತು ಕೂಗಿದರು: “ಸುಳ್ಳು! ಸುಳ್ಳು! ಆಮೆ ಸಾಯಲ್ಲ!”

ಮಕ್ಕಳು ಅಳು ನಿಲ್ಲಿಸಿದವು.

“ನಾನು ಸುಮ್ನೆ ತಮಾಷೆಗೆ ಹೇಳಿದ್ದು ಪುಟ್ಟೀ. ಆಮೆ ಕಣ್ಣು ಮುಚ್ಚತ್ತೆ, ಸರಿನಾ? ಮರಿಗೆ ಅಜ್ಜ ಹೋಗೇಬಿಟ್ಟ ಅಂತ ಅನ್ಸತ್ತೆ. ಪಾಪ, ಅದರ ಹತ್ರ ಹೂವಿಲ್ಲ, ಏನಿಲ್ಲ. ಅದಕ್ಕೇ ತನ್ನದೇ ಒಂದು ಪುಕ್ಕ ಕಿತ್ತು ಅಜ್ಜನ ಮೂಗಿನ ಮೇಲೆ ಇಡತ್ತೆ.” ಡಾಕ್ಟರು ನರ್ಸಮ್ಮನ ಕೈಯಿಂದ ಹತ್ತಿ ಕಸಿದು ತಮ್ಮ ಮೂಗಿನ ಮೇಲೆ ಇಟ್ಟುಕೊಂಡರು. ನೆಲದ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದರು. “ಆಮೇಲೆ... ಆಮೇಲೆ... ಆಆ... ಆಕ್ಷೀ!”

ಹತ್ತಿ ಹಾರಿ, ಆಗಷ್ಟೇ ಬಾಗಿಲು ತಳ್ಳಿ ಒಳಗೆ ಬಂದಿದ್ದ ಹೆಡ್‌ಮಿಸ್ ಕನ್ನಡಕಕ್ಕೆ ಅಂಟಿಕೊಂಡಿತು.

ಅವಳಿಗಳು ಬೆಂಚಿನಿಂದ ಕೆಳಗುರುಳಿ ನಕ್ಕರು. ಎರಡು ಜಡೆಯ ಹುಡುಗಿ ಬಿದ್ದು ಬಿದ್ದು ನಕ್ಕಳು. ನಗುವ ರಭಸಕ್ಕೆ ಅವಳ ಹಾಲುಹಲ್ಲು ಪುಟಕ್ಕನೆ ಉದುರಿ ನೆಲದ ಮೇಲೆ ಬಿತ್ತು. “ತಾತಾ, ಹಲ್ಲು ಬಂತು! ನೋವೇ ಆಗ್ಲಿಲ್ಲ!” ಎಂದು ಕುಣಿದಳು. ತಾತನೂ ನಕ್ಕರು. ಅಜ್ಜ ಸಾಯುವುದಿಲ್ಲ ಎಂದು ಗೊತ್ತಾದ ಮೇಲೆ ಅವರಿಗೆ ಸಿನಿಮಾದ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂದಿತ್ತು.

ಹೆಡ್‌ಮಿಸ್ ಕನ್ನಡಕ ಒರೆಸಿಕೊಂಡು ಸುತ್ತಲೂ ನೋಡಿದರು. ನಗುವ ಮಕ್ಕಳು, ತಾನಾಗಿ ಉದುರಿದ ಹಲ್ಲು, ನೆಲದ ಮೇಲೆ ಡಾಕ್ಟರು.

“ಪರವಾಗಿಲ್ಲ ಡಾಕ್ಟ್ರೇ,” ಎಂದರು. “ಎದುರುಗಡೆಯವರ ಹತ್ರ ಹೋಗಿದ್ದೆ. ಅಲ್ಲಿ ಮಕ್ಕಳು ಮೀನು ನೋಡ್ತಾ ಗರ ಬಡಿದ ಹಾಗೆ ಕೂತಿದ್ವು. ನಗು ಅಂತೂ ಇರ್ಲಿಲ್ಲ. ಸೋಮವಾರ ಬಂದು ಕೆಲಸ ಶುರು ಮಾಡ್ಕೊಳ್ಳಿ.”

ಡಾಕ್ಟರು ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡರು. ಇಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಕತೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಬೇರೆಯವರ ಬಾಯಿ ತೆರೆಸಿ ತೆರೆಸಿ ಅವರಿಗೆ ತಮ್ಮ ಬಾಯಿ ಮುಚ್ಚುವ ಅಭ್ಯಾಸ ತಪ್ಪಿಹೋಗಿತ್ತು. ಶಾಲೆಯವರ ಎದುರು ಸುಳ್ಳುಗಾರ ಅನ್ನಿಸಿಕೊಳ್ಳಬಾರದು ಎಂಬ ಚಪಲ ಬೇರೆ. ಹೆಡ್‌ಮಿಸ್ ಹತ್ತಿರ ಬಾಗಿ ಪಿಸುಗುಟ್ಟಿದರು:

“ನಿಮ್ಮ ಹತ್ರ ಮುಚ್ಚುಮರೆ ಯಾಕೆ ಮೇಡಂ. ಆ ಪುಕ್ಕ, ಸೀನು ಎಲ್ಲ ನಾನೇ ಕಟ್ಟಿದ್ದು. ನಿಜಕ್ಕೂ ಆಮೆ ಸತ್ತೇ ಹೋಗತ್ತೆ.”

ಹೆಡ್‌ಮಿಸ್ ಮುಖ ಸುಣ್ಣದ ಗೋಡೆಯಾಯಿತು. “ಸಾಯತ್ತಾ?” ಎಂದರು ಸಣ್ಣ ದನಿಯಲ್ಲಿ. “ನಾನು ಇವತ್ತು ಸಾಯಂಕಾಲ ಹೋಗೋಳಿದ್ದೆ ಡಾಕ್ಟ್ರೇ. ಒಬ್ಳೇ. ಮಕ್ಕಳ ಜೊತೆ ಹೋದ್ರೆ ನೆಮ್ಮದಿಯಾಗಿ ನೋಡೋಕಾಗಲ್ಲ ಅಂತ. ವಾರದಿಂದ ಸ್ಟಾಫ್ ರೂಮಿನಲ್ಲಿ ಯಾರೂ ಆ ಸಿನಿಮಾದ ಮಾತು ಎತ್ತಬೇಡಿ ಅಂದಿದ್ದೆ.”

“ಅಯ್ಯೋ, ಕ್ಷಮಿಸಿ ಮೇಡಂ...”

“ಇರ್ಲಿ ಬಿಡಿ.” ಹೆಡ್‌ಮಿಸ್ ನಿಟ್ಟುಸಿರು ಬಿಟ್ಟು ಸಂಕಟ ನುಂಗಿಕೊಂಡರು. “ನನ್ನ ಸಿನಿಮಾ ಹಾಳಾದ್ರೆ ಆಗ್ಲಿ. ಮಕ್ಕಳನ್ನ ನಗಿಸಿದ್ರಲ್ಲ, ಅಷ್ಟು ಸಾಕು. ಕೊಟ್ಟ ಮಾತು ಕೊಟ್ಟ ಹಾಗೇ.”

ಅದೇ ಗಳಿಗೆಗೆ ಬಾಗಿಲು ತಳ್ಳಿಕೊಂಡು ಬಂದದ್ದು ಡಾಕ್ಟರ ಹೆಂಡತಿ. ಗಂಡ ಮರೆತುಬಂದಿದ್ದ ಊಟದ ಡಬ್ಬಿ ಕೈಯಲ್ಲಿತ್ತು. ಒಳಗೆ ಅವಳಿಗಳಲ್ಲಿ ಒಬ್ಬ ನೆಲದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ಎರಡು ಜಡೆಯವಳು ಅವನ ಮೂಗಿನ ಮೇಲೆ ಹತ್ತಿ ಇಡುತ್ತಿದ್ದಳು. “ಆಕ್ಷೀ!” ಎಂದು ಅವನು ಎದ್ದು ಕೂತ.

ಹೆಂಡತಿ ಡಬ್ಬಿಯನ್ನು ಕುಕ್ಕಿದಳು.

“ರೀ! ಕೊನೇ ಸೀನು ಹೇಳ್ಬಿಟ್ರಾ?”

“ಯಾವ ಸೀನು?”

“ಅದೇ, ಸೀನೋ ಸೀನು! ಮರಿ ಪುಕ್ಕ ಇಡೋದು, ಅಜ್ಜ ಸೀನೋದು! ಇಡೀ ಸಿನಿಮಾದಲ್ಲಿ ಇದ್ದಿದ್ದೇ ಅದೊಂದು ಗುಟ್ಟು. ನಮ್ಮ ಮಗಳು ಸ್ಕೂಲಲ್ಲಿ ಯಾರಿಗೂ ಹೇಳಲ್ಲ ಅಂತ ತುಟಿ ಹೊಲ್ಕೊಂಡು ಹೋಗಿದಾಳೆ. ನೀವು ಕ್ಲಿನಿಕ್‌ನಲ್ಲಿ ಡಂಗುರ ಹೊಡೀತಾ ಕೂತಿದೀರಾ?”

ಡಾಕ್ಟರು ಹೆಂಡತಿಯನ್ನೇ ನೋಡಿದರು.

“ಅಂದ್ರೆ... ಅದು... ಸಾಯಲ್ವಾ?”

“ಎಲ್ಲಿ ಸಾಯತ್ತೆ! ಇದೇನು ಹೀಗೆ ಕೇಳ್ತೀರಾ? ನಾವಿಬ್ರೂ ಖುಷಿಗೆ ಕಣ್ಣೀರು ಹಾಕ್ಕೊಂಡು ಬಂದ್ವಲ್ಲ. ನೀವೂ ಹಿಂದೆ ಬಾಗಿಲ ಹತ್ರ ನಿಂತು ನೋಡ್ದೆ ಅಂದ್ರಿ?”

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಕಣ್ಣ ಮುಂದೆ ಮರಳ ದಂಡೆಯಲ್ಲಿ ಆ ಮುದಿ ಜೀವ ಸೀನಿ ಎದ್ದು ಕೂತು ಮರಿಗೆ ಬೈಯುತ್ತಿರುವುದು ಕಾಣಿಸಿತು. ರಾತ್ರಿಯೆಲ್ಲ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಗೇ ಇಳಿಯಿತು. ಗಂಟಲಿನಿಂದ ಮತ್ತೆ ಆ ತುಕ್ಕು ಬಾಗಿಲಿನ ಸದ್ದು ಹೊರಟಿತು. ಈ ಸಲ ಓಡಿಹೋಗಲು ಜಾಗವಿರಲಿಲ್ಲ. ರೋಗಿಗಳ ಕುರ್ಚಿಯಲ್ಲಿ ಕುಸಿದು, ಪಟ್ಟಿ ಸುತ್ತಿದ ಬೆರಳಿನಿಂದ ಕಣ್ಣೊರೆಸಿಕೊಳ್ಳುತ್ತ, ಹೋ ಎಂದು ಅಳತೊಡಗಿದರು. ಸುಖದ ಅಳು. ಆದರೂ ಅಳು ಅಳುವೇ.

ಹೆಡ್‌ಮಿಸ್ ಕೈಚೀಲ ಹೆಗಲಿಗೇರಿಸಿದರು.

“ಡಾಕ್ಟ್ರೇ, ಸಿನಿಮಾ ಹಾಳು ಮಾಡೋರನ್ನ ಬೇಕಾದಷ್ಟು ನೋಡಿದೀನಿ. ಒಂದೇ ಸಿನಿಮಾನ ಒಬ್ರಿಗೇ ಎರಡು ಸಲ ಹಾಳು ಮಾಡಿದೋರು ನೀವೇ ಮೊದಲು. ಸಾಯತ್ತೆ ಅಂತ ಬೇಜಾರು ಮಾಡ್ಕೊಂಡೇ ನೋಡೋಣ ಅಂದ್ಕೊಂಡ್ರೆ ಈಗ ಅದಕ್ಕೂ ಕಲ್ಲು ಬಿತ್ತು.”

“ಆದ್ರೆ ಮೇಡಂ,” ನರ್ಸಮ್ಮ ಅಡ್ಡ ಬಂದಳು, “ಮಕ್ಕಳ್ಯಾರೂ ಅಳ್ತಾ ಇಲ್ವಲ್ಲ. ನೋಡಿ ಬೇಕಾದ್ರೆ!”

“ಯಾರೂ ಅಳಬಾರ್ದು ಅಂದಿದ್ದೆ. ಮಕ್ಕಳು ಅಂತ ಎಲ್ಲಿ ಹೇಳಿದ್ದೆ?”

ಹೆಡ್‌ಮಿಸ್ ಮೆಟ್ಟಿಲಿಳಿದು ಎಡಕ್ಕೂ ಬಲಕ್ಕೂ ನೋಡಿ, ನಿಧಾನವಾಗಿ ರಸ್ತೆ ದಾಟಿ, ಮೀನಿನ ತೊಟ್ಟಿಯ ಕಡೆ ನಡೆದರು.

ಎರಡು ಜಡೆಯ ಹುಡುಗಿ ಕುರ್ಚಿಯ ಹತ್ತಿರ ಬಂದು ನಿಂತಳು. ಡಾಕ್ಟರ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿದಳು. ನೆಲದ ಮೇಲಿದ್ದ ಹತ್ತಿಯನ್ನು ಎತ್ತಿ, ಕಣ್ಣೊರೆಸಿಕೊಳ್ಳಲಿ ಎಂದು ಅವರ ಕೈಗೆ ಕೊಟ್ಟಳು.

“ಅಂಕಲ್, ತುಂಬಾ ನೋವಾಗ್ತಿದೆಯಾ?”

ಡಾಕ್ಟರ ಬಾಯಿ ಇನ್ನೂ ತೆರೆದೇ ಇತ್ತು.

“ಆ,” ಅಂದರು.