ಸರಿ ಗುರುತು ಬಿದ್ದ ದಿನಸಿ ಪಟ್ಟಿ

ನಾಲ್ಕು ಜನರಿಗೆ ಬುದ್ಧಿ ಹೇಳುವ ಕೆಲಸದಲ್ಲಿರುವವರು ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಕ್ಷೇಮ. ನನಗೆ ಇದು ತಡವಾಗಿ ತಿಳಿಯಿತು. ಮಣಿಪಾಲದ ಒಂದು ಕಾಲೇಜಿನ ಕಚೇರಿಯಲ್ಲಿ ಯಾರ ಕಂಪ್ಯೂಟರ್ ಮುನಿಸಿಕೊಂಡರೂ ನನ್ನನ್ನೇ ಕರೆಯುತ್ತಾರೆ. ಆ ಜಂಬದಲ್ಲಿಯೇ ಕಾಪುವಿನ ನಮ್ಮ ಮನೆಯ ದಿನಸಿ ಪಟ್ಟಿಯನ್ನು ಮೊಬೈಲಿಗೆ ಏರಿಸಿದೆ. ಅಲ್ಲಿಯವರೆಗೆ ನಮ್ಮವರು ಪಟ್ಟಿಯನ್ನು ಒಂದು ಅಂಗಿಯ ಕಿಸೆಯಲ್ಲಿಟ್ಟು, ಬೇರೆ ಅಂಗಿ ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದರು.

ನಮ್ಮವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೊಬೈಲನ್ನು ಕರೆಗಂಟೆ ಒತ್ತಿದ ಹಾಗೆ ಒತ್ತುತ್ತಾರೆ. ನಾನು ಆಫೀಸಿನಲ್ಲಿ ಬರೆದದ್ದು ಅವರ ಮೊಬೈಲಿನಲ್ಲಿ ಮೂಡುತ್ತದೆ, ಸಾಮಾನಿನ ಮುಂದೆ ಟಿಕ್ ಹಾಕಿದರೆ ಅದು ಪಟ್ಟಿಯಿಂದ ಮರೆಯಾಗುತ್ತದೆ ಎಂದು ಕಲಿಸಿದೆ. ಟಿಕ್ ಯಾವಾಗ ಹಾಕಬೇಕು ಎಂದು ಮಾತ್ರ ಹೇಳಲಿಲ್ಲ. ಅದನ್ನೂ ಹೇಳಬೇಕೆಂದು ಯಾರಿಗೆ ಗೊತ್ತು?

ಆ ಶನಿವಾರ ಸಂಜೆ ಕಾರ್ಕಳದಿಂದ ನಾದಿನಿ ಊಟಕ್ಕೆ ಬರುವವಳಿದ್ದಳು. ಒಳ್ಳೆಯವಳೇ. ಆದರೆ ನಾನು ಕೆಲಸಕ್ಕೆ ಹೋಗುವುದರಿಂದ ತನ್ನ ಅಣ್ಣ ಸೊರಗುತ್ತಿದ್ದಾನೆಂಬ ಗುಮಾನಿ ಅವಳಿಗೆ. ಅದನ್ನು ಮಟ್ಟುಗುಳ್ಳ ಬದನೆಯ ಸಾಂಬಾರಿನಿಂದ ಹೋಗಲಾಡಿಸಬೇಕೆಂದು ನನ್ನ ಹಟ. ಗುಳ್ಳ, ತೊಗರಿಬೇಳೆ, ಬೆಲ್ಲ, ಉದ್ದಿನಬೇಳೆ ಎಂದು ಹನ್ನೊಂದು ಸಾಮಾನು ಬೆಳಿಗ್ಗೆಯೇ ಬರೆದೆ. ಸಂಜೆ ಬಸ್ಸಿನಲ್ಲಿ ನೋಡಿದರೆ ಉಳಿದದ್ದು ಉದ್ದಿನಬೇಳೆ ಒಂದೇ. ಹತ್ತು ತಂದು ಒಂದನ್ನು ಮರೆತರೆ ಅವರ ಮಟ್ಟಿಗೆ ದೊಡ್ಡ ಸಾಧನೆ! ಪ್ರೀತಿ ಉಕ್ಕಿ ಬಂತು. ಉಡುಪಿಯಲ್ಲಿ ಇಳಿದು ಎರಡು ಕಿಲೋ ಉದ್ದಿನಬೇಳೆ ಕೊಂಡು, ಕಾಪುವಿನವರೆಗೂ ಮಡಿಲಲ್ಲಿಟ್ಟುಕೊಂಡು ಬಂದೆ.

ನಾದಿನಿ ಆಗಲೇ ಬಂದು ಕುಳಿತಿದ್ದಳು. ಅಡುಗೆಮನೆಯಲ್ಲಿ ಖಾಲಿ ಚೀಲ ಮೊಳೆಯಲ್ಲಿ ನೇತಾಡುತ್ತಿತ್ತು.

"ಸಾಮಾನು ಎಲ್ಲಿ ಮಾರಾಯ್ರೆ?" ಎಂದು ಪಿಸುಗುಟ್ಟಿದೆ.

"ಎಂತ ಸಾಮಾನು? ಪಟ್ಟಿ ಸರಿ ಉಂಟಾ ಅಂತ ನೋಡ್ಲಿಕ್ಕೆ ಕಳಿಸಿದ್ದಲ್ವಾ ನೀನು? ಒಂದೊಂದು ಡಬ್ಬ ತೆಗೆದು ನೋಡಿದೆ. ಹತ್ತು ಖಾಲಿಯೇ ಉಂಟು. ಅಷ್ಟೂ ನೀನು ಬರೆದದ್ದು ಸರಿ. ಅದಕ್ಕೇ ಟಿಕ್ ಹಾಕಿದ್ದು."

ಜೀವನವಿಡೀ ಮಕ್ಕಳ ಪುಸ್ತಕಗಳಿಗೆ ಸರಿ ಗುರುತು ಹಾಕಿದ ಕೈ ಅದು. ಬೈಯುವುದಾದರೂ ಹೇಗೆ? ಆ ಹೊತ್ತಿಗೆ ಗುಳ್ಳ ಸಿಗುವ ಹಾಗಿರಲಿಲ್ಲ. ತಂಗಿಯ ಕಣ್ಣೆದುರೇ ಅಣ್ಣನ ಕೈಗೆ ಚೀಲ ಕೊಟ್ಟು ಓಡಿಸುವ ಧೈರ್ಯವೂ ನನಗಿರಲಿಲ್ಲ. ಅನ್ನಕ್ಕಿಟ್ಟೆ. ತಂದ ಉದ್ದನ್ನೇ ಹುರಿದು ಪುಡಿ ಮಾಡಿ, ಮೊಸರಿನಲ್ಲಿ ಕಲಸಿ ಒಗ್ಗರಣೆ ಕೊಟ್ಟೆ. ನಾಲ್ಕು ಹಪ್ಪಳ ಕರಿದೆ. ನಾದಿನಿ ಚಪ್ಪರಿಸಿಯೇ ಉಂಡಳು. "ಅಣ್ಣ ದಿನಾ ಇಷ್ಟರಲ್ಲೇ ಸುಧಾರಿಸ್ತಾನಾ ಅತ್ತಿಗೆ?" ಎಂದು ಕೇಳಿದಳು. ನಾಚಿಕೆಯಿಂದ ನಾನು ಅವಳ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದೆ.

ಅವಳು ಹೊರಟ ಮೇಲೆ ಇವರ ಕಡೆ ತಿರುಗಿದೆ. "ಎಲ್ಲದಕ್ಕೂ ಟಿಕ್ ಹಾಕಿದವರು ಉದ್ದಿಗೆ ಮಾತ್ರ ಯಾಕೆ ಬಿಟ್ಟದ್ದು?"

ಅವರು ಮೇಲಿನ ಹಲಗೆಯಿಂದ ದೊಡ್ಡ ಡಬ್ಬ ಇಳಿಸಿ ಮುಚ್ಚಳ ತೆಗೆದರು. ಬಾಯಿಯವರೆಗೆ ಉದ್ದಿನಬೇಳೆ! "ಇದು ನಮ್ಮಲ್ಲಿ ಬೇಕಾದಷ್ಟು ಉಂಟಲ್ವಾ? ಹಾಗಾಗಿ ಅದೊಂದು ತಪ್ಪು," ಎಂದರು, ದಡ್ಡ ಮಕ್ಕಳಿಗೆ ಹೇಳುವಷ್ಟು ಮೆತ್ತಗೆ.

ಇಡೀ ಪಟ್ಟಿಯಲ್ಲಿ ನಾನು ಮಾಡಿದ್ದು ಅದೊಂದೇ ತಪ್ಪು. ಸರಿಯಾದ ಹತ್ತನ್ನೂ ಅಂಗಡಿಯಲ್ಲೇ ಬಿಟ್ಟು, ಆ ತಪ್ಪನ್ನು ಮಾತ್ರ ಎರಡು ಕಿಲೋ ತೂಗಿಸಿ ಮನೆಗೆ ತಂದಿದ್ದೆ.