ಕಾಕಾನ ಬಾಯಿ, ನನ್ನ ಹೊಟ್ಟೆ

ರೋಣದಲ್ಲಿ ಒಂದು ಗುಟ್ಟು ಊರಿಗೆಲ್ಲ ತಿಳಿಯಬೇಕಾದರೆ ಡಂಗುರ ಬೇಡ, ನಮ್ಮ ಯಜಮಾನರ ಕಾಕಾ ಸಾಕು! ಇಂಥವರಿಗೆ ಔಷಧಿ ಅಂಗಡಿ ಹಾಕುವ ಬುದ್ಧಿ ಕೊಟ್ಟ ದೇವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಂಗಡಿ ತುಂಬ ಗುಳಿಗೆ. ಬಾಯಿ ಮುಚ್ಚಿಸುವ ಗುಳಿಗೆ ಮಾತ್ರ ಒಂದೂ ಇಲ್ಲ.

ನನ್ನ ಕಷ್ಟ ಕೇಳಿ. ಜಕ್ಕಲಿಯಲ್ಲಿ ಟೀಚರ್ ನಾನು, ದಿನಾ ರೋಣದಿಂದ ಬಸ್ಸು. ಹತ್ತಿ ಕೂತರೆ ಸಾಕು, ಹೊಟ್ಟೆಯಲ್ಲಿ ಮುರಿತ ಶುರು. ಗದಗಿನ ಡಾಕ್ಟರು ಇದ್ದಬದ್ದ ಪರೀಕ್ಷೆಯನ್ನೆಲ್ಲ ಮಾಡಿಸಿ ‘ಐಬಿಎಸ್’ ಎಂದರು. ಕರುಳು ನೆಟ್ಟಗಿದೆ, ಆದರೆ ಸಿಡುಕು ಸ್ವಭಾವದ್ದು ಎಂದರ್ಥ. ಥೇಟ್ ನಮ್ಮ ಹೆಡ್‌ಮಾಸ್ತರರು! ಗಂಡಸರಾದರೆ ಬಸ್ಸು ನಿಲ್ಲಿಸಿ ಹೊಲಕ್ಕೆ ಇಳಿದಾರು. ಮರೆಗೊಂದು ಗಿಡವೂ ಇಲ್ಲದ ಎರೆಹೊಲದಲ್ಲಿ ಸೀರೆಯುಟ್ಟ ಟೀಚರು ಎಲ್ಲಿ ಇಳಿಯಬೇಕು? ಹಲ್ಲು ಕಚ್ಚಿ ಕೂತು ಕೂತು ಸಾಕಾಗಿ, ಕಾಕಾನ ಅಂಗಡಿಗೆ ಹೋಗಿ ಪಿಸುಗುಟ್ಟಿದೆ.

“ಕಾಕಾ, ಸಂಜಿತನಕ ಹೊಟ್ಟಿ ಕಟ್ಟಿಹಾಕೋ ಗುಳಿಗಿ ಕೊಡ್ರಿ, ದಿನಾ ತೊಗೋತೀನಿ. ಇಲ್ಲಂದ್ರ ನೌಕರಿ ಬಿಡೋದ ಖರೇ.”

“ಏನ್? ಭೇದಿ ನಿಲ್ಲೋ ಗುಳಿಗಿ ದಿನಾ ನುಂಗ್ತೀಯಾ?” ಕಾಕಾ ಗುಡುಗಿದರು. ಕೆಮ್ಮಿನ ಔಷಧಿಗೆ ಬಂದವರು ಕೆಮ್ಮುವುದನ್ನೇ ಮರೆತರು. “ಅದು ಡಾಕ್ಟರ್ ಹೇಳಿದ್ರಷ್ಟ. ರವಿವಾರ ಹ್ಯಾಂಗಿರ್ತೈತಿ ಹೊಟ್ಟಿ?”

“ರವಿವಾರ ಆರಾಮರಿ…”

“ಹಂಗಾರ ಹೊಟ್ಟಿ ಕೆಟ್ಟಿಲ್ಲವಾ, ಹೆದರೈತಿ! ಹಾಲಿನ ಚಾ ಬಿಡು, ಮಿರ್ಚಿ ಬಿಡು, ಹೊತ್ತಿಗೆ ಸರಿಯಾಗಿ ಸಾವಕಾಶ ಉಣ್ಣು. ಯಾವ ಬಸ್ಸಿಗೆ ಹೋಗ್ತಿ?”

ಬಸ್ಸು ಕಟ್ಟಿಕೊಂಡು ಇವರಿಗೇನು? ಆದರೂ ಹೇಳಿದೆ. ಅದೇ ತಪ್ಪಾಯಿತು.

ಮರುದಿನ ಚಟ ತಡೆಯದೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿಗೆ ಕೈ ಹಾಕಿದರೆ, ಅಂಗಡಿಯವ ಹೆಡ್‌ಮಾಸ್ತರರ ಎದುರಿಗೇ ಪ್ಲೇಟು ಹಿಂದಕ್ಕೆಳೆದ. “ನಿಮಗಿಲ್ರಿ ಟೀಚರ್. ಕಾಕಾ ಬ್ಯಾಡಂದಾರ.” ಕಂಡಕ್ಟರ್ ಬಾಗಿಲ ಹತ್ತಿರದ ಸೀಟು ತೋರಿಸಿ, “ಇಲ್ಲೇ ಕುಂಡ್ರಿ, ಲಗೂ ಇಳೀಲಿಕ್ಕೆ ಬರತೈತಿ,” ಎಂದ. ಬಸ್ಸಿಗೆ ಬಸ್ಸೇ ತಿರುಗಿ ನನ್ನ ಹೊಟ್ಟೆಯನ್ನು ನೋಡಿತು! ಕಾಕಾನ ಬಾಯಿಗೂ ನನ್ನ ಹೊಟ್ಟೆಗೂ ಏನು ವ್ಯತ್ಯಾಸ? ಎರಡರಲ್ಲೂ ಏನೂ ನಿಲ್ಲುವುದಿಲ್ಲ. ಇನ್ನು ಈ ಮನುಷ್ಯನ ಮುಖ ನೋಡುವುದಿಲ್ಲವೆಂದು ಆಣೆ ಮಾಡಿದೆ.

ಆ ವಾರವೇ ನಡುದಾರಿಯಲ್ಲಿ ಹೊಟ್ಟೆ ಕೈಕೊಟ್ಟಿತು. ಬೆವರುತ್ತ ಎದ್ದು ನಿಂತೆ. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. ರಸ್ತೆ ಬದಿಯ ಮನೆಯಿಂದ ಗುರುತಿಲ್ಲದ ಮುದುಕಿಯೊಬ್ಬಳು ತಂಬಿಗೆ ಹಿಡಿದು ಬಂದಳು.

“ಬಾ ನಮ್ಮವ್ವ. ಔಷಧಿ ಅಂಗಡಿ ಕಾಕಾ ಫಟಫಟಿ ತೊಗೊಂಡ ಬಂದು, ಈ ದಾರ್ಯಾಗ ಮನಿಮನಿಗೂ ಹೇಳಿ ಹೋಗ್ಯಾರ. ಕದಾ ತಗದಿಟ್ಟೀನಿ, ನಾಚಬ್ಯಾಡ.”

ನಾನು ತಿರುಗಿ ಬರುವ ತನಕ ಬಸ್ಸು ನಿಂತೇ ಇತ್ತು.

ಸಂಜೆ ಆಣೆ ಮುರಿದು ಅಂಗಡಿಗೆ ಹೋದೆ. ಬೈಯಬೇಕೋ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ. “ದಾರಿ ತುಂಬ ಯಾಕ ಸಾರಿದ್ರಿ ಕಾಕಾ?”

ಕಾಕಾ ಗೋಡೆಯ ಮೇಲಿದ್ದ, ತೀರಿಕೊಂಡ ಹೆಂಡತಿಯ ಫೋಟೊ ನೋಡಿದರು.

“ನಿಮ್ಮ ಕಾಕುಗೂ ಇದ ಇತ್ತವಾ. ಬಸ್ಸಿಗೆ ಹೆದರಿ ನರಗುಂದದ ತವರಮನಿ ಬಿಟ್ಲು. ಹಡದವ್ವ ಸತ್ತಾಗೂ ಹೋಗಲಿಲ್ಲ. ಮಂದಿಗೆ ಗೊತ್ತಾದ್ರ ಮರ್ಯಾದಿ ಹೋಗತೈತಂತ ನಾ ಬಾಯಿ ಮುಚಗೊಂಡ ಕುಂತೆ.”

ಕಾಕಾ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನೆಂದೂ ಕೇಳಿರಲಿಲ್ಲ. ನನಗೆ ಅಳು ಬಂತು. ಅವರ ಕೈ ಹಿಡಿದುಕೊಂಡೆ.

“ನೌಕರಿ ಬಿಡ್ತೀಯೇನವಾ?”

“ಇಲ್ರಿ ಕಾಕಾ! ಹೊಟ್ಟಿ ಏನರ ಅನ್ನಲಿ, ನಾಳಿಗೂ ಅದ ಬಸ್ಸಿಗೆ ಹೋಗ್ತೀನಿ,” ಎಂದೆ, ಅಂಗಡಿಗೆಲ್ಲ ಕೇಳುವಂತೆ.