ಇಲ್ಲ ಅಂದ್ರೆ ಇಲ್ಲ

ಒಂದೇ ಪ್ರಯೋಗಾಲಯದಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸ ಮಾಡಬಾರದು ಎಂದು ಹಿರಿಯರು ಹೇಳಿಲ್ಲ. ಪ್ರಯೋಗಾಲಯ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಗಂಡ ನಾಲ್ಕು ವರ್ಷ ಹೆಣಗಿ ಒಂದು ಆ್ಯಂಟಿಬಾಡಿ ತಯಾರಿಸಿದ್ದ. ಮೂತ್ರಪಿಂಡದ ಒಂದು ಪ್ರೋಟೀನನ್ನು ಹುಡುಕಿ, ಅದೊಂದನ್ನೇ ಹಿಡಿದು, ಪರೀಕ್ಷೆಯ ಹಾಳೆಯ ಮೇಲೆ ಕಪ್ಪು ಗೆರೆಯಾಗಿ ತೋರಿಸುವುದು ಅದರ ಕೆಲಸ. ಅದು ಸಿಕ್ಕಸಿಕ್ಕದ್ದನ್ನೆಲ್ಲ ಹಿಡಿಯುವುದಿಲ್ಲ ಎಂದು ಸಾಬೀತು ಮಾಡಲು ಹೆಂಡತಿಯೂ ಅಷ್ಟೇ ವರ್ಷ ಹೆಣಗಿ, ಆ ಪ್ರೋಟೀನಿನ ಜೀನನ್ನೇ ಕಿತ್ತುಹಾಕಿದ ಇಲಿಯ ಜೀವಕೋಶಗಳನ್ನು ಬೆಳೆಸಿದ್ದಳು. ಮಾಮೂಲಿ ಕೋಶಗಳಿಗೆ ‘ಇದೆ’ ಎಂದೂ, ಜೀನು ಕಿತ್ತವಕ್ಕೆ ‘ಇಲ್ಲ’ ಎಂದೂ ಅವಳೇ ಹೆಸರಿಟ್ಟಿದ್ದಳು. ‘ಇದೆ’ಯಲ್ಲಿ ಗೆರೆ ಬರಬೇಕು, ‘ಇಲ್ಲ’ದಲ್ಲಿ ಬರಕೂಡದು.

ಆ ಬೆಳಿಗ್ಗೆ ಗಂಡ ಪರೀಕ್ಷೆ ಮಾಡಿದಾಗ ಎರಡರಲ್ಲೂ ಬಂತು, ಅವಳಿಜವಳಿಯಂತೆ.

ಅಂದರೆ ಇಬ್ಬರಲ್ಲೊಬ್ಬರ ನಾಲ್ಕು ವರ್ಷ ನೀರಿನಲ್ಲಿ ಹೋಮ. ಒಂದೋ ಆ್ಯಂಟಿಬಾಡಿ ಸುಳ್ಳುಬುರುಕ, ಇಲ್ಲವೇ ಕೋಶಗಳಲ್ಲಿ ಜೀನು ಇನ್ನೂ ಕೂತಿದೆ. ಯಾವುದನ್ನು ಎಸೆಯಬೇಕೆಂದು ಸಂಜೆಯೊಳಗೆ ತಿಳಿಸಿ ಎಂದು ಮುಖ್ಯಸ್ಥೆ ಖಡಾಖಂಡಿತವಾಗಿ ಹೇಳಿಬಿಟ್ಟರು.

ಸುದ್ದಿ ಹಬ್ಬಿತು. ಉಗ್ರಾಣದವನು ಬಂದು ಆ್ಯಂಟಿಬಾಡಿಯನ್ನು ನಂಬಬೇಡ ಎಂದ. ಗಾಜು ತೊಳೆಯುವ ಅಕ್ಕ ಬಂದು ಇಲಿಯನ್ನು ನಂಬಬೇಡ ಎಂದಳು. ಎಲ್ಲರೂ ಅಣ್ಣಯ್ಯ ಎನ್ನುವ ಹಿರಿಯ ತಂತ್ರಜ್ಞ ಮಾತ್ರ ಗಂಡನನ್ನು ಪಕ್ಕಕ್ಕೆ ಕರೆದು, “ಹೆಂಡ್ತಿ ಹತ್ರ ವಾದ ಗೆದ್ದು ಯಾರೂ ಸುಖವಾಗಿ ಊಟ ಮಾಡಿಲ್ಲಪ್ಪ,” ಎಂದ.

ಆ ಬುದ್ಧಿವಾದ ಅವನಿಗೆ ಬೇಕಿರಲಿಲ್ಲ. ಜ್ವರವಿದ್ದರೂ ಭಾನುವಾರ ಎದ್ದು ಬಂದು ಅವಳು ಕೋಶಗಳಿಗೆ ಆಹಾರ ಹಾಕುತ್ತಿದ್ದುದನ್ನು ಕಂಡವನು ಅವನು. ಅವಳ ಮುಖ ಬಾಡುವುದನ್ನು ನೋಡಲು ಅವನಿಂದಾಗದು. ನೇರ ಮುಖ್ಯಸ್ಥೆಯ ಕೋಣೆಗೆ ಹೋಗಿ, ತಪ್ಪು ತನ್ನದೇ, ಆ್ಯಂಟಿಬಾಡಿ ಎಸೆಯಿರಿ ಎಂದ. ಹಿಂದೆಯೇ ಬಂದ ಹೆಂಡತಿ, ತಪ್ಪು ತನ್ನದು, ಕೋಶಗಳನ್ನು ಎಸೆಯಿರಿ ಎಂದಳು. ತಪ್ಪು ನನಗಿರಲಿ, ನನಗಿರಲಿ ಎಂದು ಇಬ್ಬರೂ ಜಗಳಕ್ಕೇ ನಿಂತರು. ಬಾಗಿಲಲ್ಲಿದ್ದ ಗಾಜು ತೊಳೆಯುವ ಅಕ್ಕ ಮೊಣಕೈಯಲ್ಲಿ ಕಣ್ಣೊರೆಸಿಕೊಂಡಳು. ಇಂಥ ಗಂಡ ದೀಪ ಹಚ್ಚಿ ಹುಡುಕಿದರೂ ಸಿಗುವುದಿಲ್ಲ ಎಂದು ಇಡೀ ಮಹಡಿ ಮಾತಾಡಿತು. ಮಧ್ಯಾಹ್ನದ ಹೊತ್ತಿಗೆ ಅವನಿಗೂ ಹಾಗೇ ಅನ್ನಿಸತೊಡಗಿತ್ತು.

ಮುಖ್ಯಸ್ಥೆಗೆ ಮಾತ್ರ ತಲೆ ಕೆಟ್ಟಿತು. ಇಬ್ಬರನ್ನೂ ಆಚೆ ಕೂರಿಸಿ, ಫ್ರೀಜರಿನಿಂದ ಎರಡೂ ಬಗೆಯ ಕೋಶಗಳ ಹೊಸ ನಳಿಕೆಗಳನ್ನು ತೆಗೆದು, ತಾವೇ ಪರೀಕ್ಷೆ ಮಾಡಿದರು. ಸಂಜೆ ಫಲಿತಾಂಶ ಹಿಡಿದು ಬಂದರು. ‘ಇದೆ’ಯಲ್ಲಿ ಚೊಕ್ಕ ಗೆರೆ, ‘ಇಲ್ಲ’ದಲ್ಲಿ ಬರೀ ಬಿಳುಪು. ಆ್ಯಂಟಿಬಾಡಿಯೂ ಸರಿ, ಕೋಶಗಳೂ ಸರಿ. ಗಂಡ ಹೆಂಡತಿ ಎಲ್ಲರೆದುರೇ ಕೈ ಕೈ ಹಿಡಿದುಕೊಂಡರು.

“ಹಾಗಾದ್ರೆ ಬೆಳಿಗ್ಗೆ ಏನಾಯ್ತು?” ಎಂದು ಮುಖ್ಯಸ್ಥೆ ಕೇಳಿದರು.

ಹೆಂಡತಿ ಅವನತ್ತ ತಿರುಗಿದಳು. “ರೀ, ಬೆಳಿಗ್ಗೆ ‘ಇಲ್ಲ’ದ ಜಾಗಕ್ಕೆ ಯಾವ ನಳಿಕೆಯಿಂದ ಹಾಕಿದ್ರಿ?”

“ನಾಲ್ಕೈದು ನಳಿಕೆ ಇದ್ವಲ್ಲ, ಐಸ್ ನೀರಿಗೆ ಅದರಲ್ಲಿ ಒಂದರ ಹೆಸರು ಅಳಿಸಿಹೋಗಿತ್ತು. ಇದು ಯಾವುದು ಗೊತ್ತಾ ಅಂತ ನಿನ್ನನ್ನೇ ಕೇಳಿದ್ನಲ್ಲ.”

“ನಾನು ಮೈಕ್ರೋಸ್ಕೋಪ್ ನೋಡ್ತಿದ್ದೆ. ಇಲ್ಲ ಅಂದೆ.”

“ಹೂಂ, ‘ಇಲ್ಲ’ ಅಂದೆ. ಅದಕ್ಕೇ ಅದನ್ನ ಹಾಕಿದೆ.”

“ಗೊತ್ತಿಲ್ಲ ಅಂತ ಹೇಳಿದ್ದು ರೀ ನಾನು.”

ತಪ್ಪು ನನ್ನದೇ ಎಂದು ಅವನು ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದ. ನಂಬದಿದ್ದಾಗ ಎಲ್ಲರೂ ಮೆಚ್ಚಿದ್ದರು, ಈಗ ನಂಬಿದರು. ಇನ್ನು ಅಣ್ಣಯ್ಯನ ಸಹಿಯಿಲ್ಲದೆ ನಳಿಕೆ ಮುಟ್ಟಕೂಡದು ಎಂದು ಹೇಳಿ ಮುಖ್ಯಸ್ಥೆ ಹೊರಟುಹೋದರು.

“ಕೋಪ ಬಂತಾ?” ಎಂದು ಅವನು ಮೆಲ್ಲಗೆ ಕೇಳಿದ.

“ಇಲ್ಲ,” ಎಂದಳು.

ಇದು ಯಾವ ಇಲ್ಲ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.